ಯಾವ ಕಾಯಿ ಎಂದು ನಾನು ಕೇಳಲಿಲ್ಲ

ಶಿವಲೀಲಾ, ನಿನ್ನ ಪ್ರಸ್ತಾವವನ್ನು ನಾನು ಬೇಕಂತಲೇ ಕೆಡಿಸಿದೆ.

ತಪ್ಪು ಸಲಹೆ ಕೊಟ್ಟೆ ಅಂತಲ್ಲ. ತಿಳಿಯದೆ ಕೊಟ್ಟೆ ಅಂತಲೂ ಅಲ್ಲ. ಧಾರವಾಡದ ಗಣಿತ ಶಿಕ್ಷಕರ ಸಮ್ಮೇಳನದಲ್ಲಿ ಮಾತಾಡಲು ಅವಕಾಶ ಕೋರಿ ನೀನು ಬರೆದ ಆ ಒಂದೂವರೆ ಪುಟ ಚೆನ್ನಾಗಿತ್ತು—ಚೆನ್ನಾಗಿದೆ ಎಂದು ಓದುತ್ತಿರುವಾಗಲೇ ನನಗೆ ಗೊತ್ತಾಯಿತು—ಗೊತ್ತಾದ ಮೇಲೆಯೇ ಕೆಂಪು ಪೆನ್ನು ಕೈಗೆ ತೆಗೆದುಕೊಂಡೆ. ಅದರ ಜೀವ ಎಲ್ಲಿತ್ತೋ ಹುಡುಕಿ ಅಲ್ಲಿಗೇ ಗೆರೆ ಎಳೆದೆ. ಆಮೇಲೆ, ನನ್ನ ಮಾತು ಕೇಳಿ ನೀನು ತೆಗೆದುಹಾಕಿದ್ದನ್ನೆಲ್ಲ ಎತ್ತಿ ನನ್ನ ಪ್ರಸ್ತಾವದಲ್ಲಿ ಇಟ್ಟುಕೊಂಡೆ. ಈ ಎರಡನೆಯದು ನಿನಗೆ ಗೊತ್ತು. ಮೊದಲನೆಯದು ಗೊತ್ತಿಲ್ಲ. ಕಲಿಸಿದ ಅಕ್ಕೋರಿಗೆ ಆಗ ಅದರ ಬೆಲೆ ಹೊಳೆದಿರಲಿಲ್ಲ, ಆಮೇಲೆ ಹೊಳೆದಿರಬೇಕು ಎಂದು ನೀನು ಇಷ್ಟು ವರ್ಷ ನಂಬಿಕೊಂಡಿದ್ದೀಯ. ಆ ನಂಬಿಕೆಗೂ ನಾನು ಯೋಗ್ಯಳಲ್ಲ.

ಇದನ್ನು ನಿನಗಾಗಿ ಬರೆಯುತ್ತಿದ್ದೇನೆ, ಆದರೆ ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಹೀಗಾಗಿ ನಿನಗೆ ಗೊತ್ತಿರುವುದನ್ನೂ ಮತ್ತೊಮ್ಮೆ ಹೇಳಬೇಕಾಗುತ್ತದೆ. ತಡಕೋ.

ನಾನು ವಿಮಲಾ ಕುಲಕರ್ಣಿ. ಸಿಂದಗಿಯ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಇಡೀ ನೌಕರಿ ಕಳೆದವಳು. ಮಕ್ಕಳಿಗೆ ಗಣಿತ ಹೇಗೆ ಕಲಿಸಬೇಕು ಎಂದು ಮುಂದೆ ಮಾಸ್ತರರಾಗುವವರಿಗೆ ಕಲಿಸುವುದು ನನ್ನ ಕೆಲಸ. ನಮ್ಮ ಕಡೆ ಹೆಣ್ಣು ಶಿಕ್ಷಕಿಯನ್ನು ಅಕ್ಕೋರು ಅನ್ನುತ್ತಾರೆ. ನಾನು ಅಕ್ಕೋರಿಗೇ ಅಕ್ಕೋರು. ಆ ಗತ್ತು ನನಗಿತ್ತು. ನೀನು ನನ್ನ ತರಗತಿಯಲ್ಲಿ ಎರಡು ವರ್ಷ ಕೂತವಳು. ಇಂಡಿ ಹತ್ತಿರದ ಲಿಂಬೆ ತೋಟದವರ ಮಗಳು. ಓದು ಮುಗಿಸಿ ನೌಕರಿ ಸಿಕ್ಕು ನಿಮ್ಮ ತಾಲೂಕಿನದೇ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಸೇರಿದೆ. ವರ್ಷಕ್ಕೊಮ್ಮೆ ದೀಪಾವಳಿಯ ಸುತ್ತ ಒಂದು ಚೀಲ ಲಿಂಬೆಕಾಯಿ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ. ನಾನು ಅವನ್ನು ಉಪ್ಪಿನಕಾಯಿ ಹಾಕುತ್ತಿದ್ದೆ. ಲಿಂಬೆಯ ಬಗ್ಗೆ ನನಗೆ ಇದ್ದ ಜ್ಞಾನ ಭರಣಿಯಿಂದ ಆಚೆಗೆ ಹೋಗಿರಲಿಲ್ಲ. ಇದನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ನಿನ್ನ ತರಗತಿಗೆ ನಾನು ಏನು ಕಲಿಸಿದ್ದೆ, ನೆನಪಿದೆಯೇ? ಕೊನೆಯ ವರ್ಷ, ಪಠ್ಯ ಮುಗಿದ ಮೇಲೆ, ಸಮ್ಮೇಳನಕ್ಕೆ ಪ್ರಸ್ತಾವ ಬರೆಯುವುದು ಹೇಗೆ ಎಂದು ಎರಡು ದಿನ ಹೇಳುತ್ತಿದ್ದೆ. ಆಯ್ಕೆ ಸಮಿತಿಯವರು ನಿಮ್ಮಂಥವರ ಕಾಗದ ರಾಶಿ ರಾಶಿ ಓದಿ ಬೇಸತ್ತಿರುತ್ತಾರೆ, ಅವರಿಗೆ ದೊಡ್ಡ ಮಾತು ಬೇಡ. ನೀವೇ ಕಣ್ಣಾರೆ ಕಂಡ ಒಂದು ಸಂಗತಿಯಿಂದ ಶುರುಮಾಡಿ. ಒಂದೇ ಪ್ರಶ್ನೆ ಹಿಡಿಯಿರಿ. ಕೇಳಿದವರು ಮರುದಿನ ತಮ್ಮ ಶಾಲೆಯಲ್ಲಿ ಏನು ಮಾಡಬಹುದು ಎಂದು ಬರೆಯಿರಿ. ಸಭೆಯಲ್ಲಿ ಯಾರಾದರೂ ಎದ್ದು ನಿಂತು ಏನು ಕೇಳಬಹುದು ಎಂದು ಯೋಚಿಸಿ, ಆ ಉತ್ತರ ಮೊದಲೇ ಕಾಗದದಲ್ಲಿರಲಿ. ಇಷ್ಟನ್ನೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿದ್ದವು.

ಇಷ್ಟೆಲ್ಲ ಹೇಳುವವಳ ಪ್ರಸ್ತಾವ ಅದೇ ಸಮ್ಮೇಳನದಿಂದ ಮೂರು ಸಲ ತಿರುಗಿ ಬಂದಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಮೂರು ಸಲವೂ ಒಂದೇ ಸಾಲು—ಹೊಸತೇನೂ ಕಾಣಲಿಲ್ಲ. ಮೂರು ಸಲವೂ ಅವರು ಹೇಳಿದ್ದು ನಿಜ. ನನಗೆ ಬರೆಯುವ ರೀತಿ ಗೊತ್ತಿತ್ತು, ಬರೆಯಲು ಏನೂ ಇರಲಿಲ್ಲ. ಮಕ್ಕಳಿದ್ದ ತರಗತಿಗೆ ನಾನು ಕಾಲಿಟ್ಟು ಎಷ್ಟೋ ವರ್ಷ ಆಗಿತ್ತು. ನಿವೃತ್ತಿ ಹತ್ತಿರ ಬರುತ್ತಿತ್ತು. ಇದನ್ನು ನೆಪ ಎಂದು ಹೇಳುತ್ತಿಲ್ಲ, ಹೊಟ್ಟೆಕಿಚ್ಚು ಎಲ್ಲಿಂದ ಹುಟ್ಟಿತು ಎಂದು ತೋರಿಸುತ್ತಿದ್ದೇನೆ ಅಷ್ಟೆ.

ಐದು ವರ್ಷದ ಹಿಂದಿನ ಆ ಭಾನುವಾರ ನೀನು ಹಬ್ಬವಿಲ್ಲದೆಯೂ ಬಂದೆ. ಚೀಲದ ಜೊತೆ ಒಂದು ಪ್ಲಾಸ್ಟಿಕ್ ಫೈಲು ಇತ್ತು.

“ಅಕ್ಕೋರ, ನಮ್ಮ ಸಾಲಿಗೆ ತಪಾಸಣಿಗೆ ಬಂದಿದ್ರಲ್ರಿ ಸಾಹೇಬ್ರು, ಅವರು ಭಾಳ ಬೈದ್ರರಿ. ಗಣಿತ ತಾಸಿನ್ಯಾಗ ಲಿಂಬಿಕಾಯಿ ಆಟ ಆಡಸ್ತೀರಿ, ಇದೇನ್ ಸಾಲಿನೋ ಸಂತಿನೋ ಅಂದ್ರು. ಈ ಸಮ್ಮೇಳನದಾಗ ಒಮ್ಮೆ ನನ್ನ ಮಾತಿಗೆ ಅವಕಾಶ ಸಿಕ್ಕರ ಅವರು ನನಗ ಬಂದ್ ಮಾಡಂತ ಹೇಳಾಕ ಆಗೂದಿಲ್ರಿ. ಹುಡುಗೂರಿಗೆ ಅದು ತಿಳಿಯಾಕತ್ತೇತ್ರಿ ಅಕ್ಕೋರ. ನಿಜವಾಗ್ಲೂ ತಿಳಿಯಾಕತ್ತೇತಿ.”

ನಿನಗೆ ಬೇಕಿದ್ದದ್ದು ಇಷ್ಟೇ. ಹೆಸರಲ್ಲ, ವೇದಿಕೆಯಲ್ಲ. ನಿನ್ನ ತರಗತಿಯಲ್ಲಿ ನಡೆಯುತ್ತಿದ್ದ ಒಳ್ಳೆಯ ಕೆಲಸ ನಿಲ್ಲದಿರಲಿ ಎಂದು ಒಂದು ರಕ್ಷಣೆ. ಅದನ್ನು ನೀನು ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ನಾನು ಓದಿದೆ. “ಒಂದು ಕಾಯಿ ಹೇಗೆ ನೂರಾಗುತ್ತದೆ” ಎಂಬ ತಲೆಬರಹ. ಮೊದಲ ಸಾಲಿನಲ್ಲೇ ಕಸ್ತೂರಿ ಎಂಬ ನಾಲ್ಕನೆಯ ತರಗತಿಯ ಹುಡುಗಿ. ಮುನ್ನೂರ ನಾಲ್ಕರಲ್ಲಿ ನೂರಾ ಇಪ್ಪತ್ತೆಂಟು ಕಳೆ ಎಂದರೆ ಹಲಗೆಯ ಮೇಲೆ ಇನ್ನೂರಾ ಇಪ್ಪತ್ನಾಲ್ಕು ಎಂದು ಬರೆಯುತ್ತಾಳೆ. ದಿನವೂ ಹಾಗೇ ಬರೆಯುತ್ತಾಳೆ, ದಿನವೂ ಬೈಸಿಕೊಳ್ಳುತ್ತಾಳೆ. ಆದರೆ ಅವಳ ತಾಯಿ ಲಿಂಬೆ ಆರಿಸಲು ಹೋಗುವವಳು. ರಜೆಯಲ್ಲಿ ಕಸ್ತೂರಿಯೂ ರಾಶಿಯ ಮುಂದೆ ಕೂರುತ್ತಾಳೆ. ಅಲ್ಲಿ ಎಣಿಸುವ ರೀತಿ ಬೇರೆ. ಒಂದು ಹಿಡಿಗೆ ಐದು ಕಾಯಿ. ಇಪ್ಪತ್ತು ಹಿಡಿ ಹಾಕಿದರೆ ನೂರು. ನೂರಾದ ಕೂಡಲೇ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಶುರು. ಕೊನೆಗೆ ಪಕ್ಕದಲ್ಲಿ ಏಳು ಕಾಯಿ ಇದ್ದರೆ ಏಳು ನೂರು. ನೀನು ಒಂದು ದಿನ ಲಿಂಬೆಕಾಯಿಗಳನ್ನು ತರಗತಿಗೆ ತಂದು ಅದೇ ಲೆಕ್ಕ ಕೊಟ್ಟೆ. ಕಸ್ತೂರಿ ಪಕ್ಕದ ಕಾಯಿಗಳಲ್ಲಿ ಒಂದನ್ನು ತೆಗೆದು, ಅದರ ಬದಲು ನೂರು ಕಾಯಿ ಬಿಡಿಸಿಕೊಂಡು, ನೂರಾ ಎಪ್ಪತ್ತಾರು ಎಂದಳು. ನೂರರ ಮನೆಯಲ್ಲಿ ಕೂತ ಒಂದು ಅಂಕಿ ಒಂದಲ್ಲ, ನೂರು ಎಂದು ಹತ್ತು ವರ್ಷದ ಆ ಹುಡುಗಿಗೆ ಮೊದಲೇ ಗೊತ್ತಿತ್ತು. ನಾವೇ ಅವಳನ್ನು ಸರಿಯಾಗಿ ಕೇಳಿರಲಿಲ್ಲ.

ನಾನು ಹಲಗೆಯ ಮೇಲೆ ಬರೆಯುತ್ತಿದ್ದೆನಲ್ಲ—ಕಣ್ಣಾರೆ ಕಂಡದ್ದು, ಒಂದೇ ಪ್ರಶ್ನೆ, ಮರುದಿನ ಮಾಡಬಹುದಾದದ್ದು—ಎಲ್ಲ ಇದ್ದವು. ನೀನು ನನ್ನ ಪಾಠ ಕೇಳಿಸಿಕೊಂಡಿದ್ದೆ. ನನ್ನ ಮೈ ಉರಿಯಿತು.

“ಭಾಳ ಸಾದಾ ಆತವಾ,” ಎಂದೆ. ಆ ಮಾತು ಇನ್ನೂ ನನ್ನ ಬಾಯಲ್ಲಿ ಕಹಿಯಾಗಿ ಕೂತಿದೆ. “ದೊಡ್ಡ ದೊಡ್ಡ ಪ್ರೊಫೆಸರ್ ಇರ್ತಾರ ಅಲ್ಲೆ. ಕಸ್ತೂರಿ, ಅವರವ್ವ, ಲಿಂಬಿಕಾಯಿ—ಇದೆಲ್ಲಾ ಸಂತಿ ಮಾತು. ತಗದ್ ಬಿಡು. ಶಾಸ್ತ್ರೀಯ ಇರಬೇಕು.”

ಕಸ್ತೂರಿಯ ಮೇಲೆ ಗೆರೆ. ಹಿಡಿ ಹಿಡಿಯಾಗಿ ಎಣಿಸುವುದರ ಮೇಲೆ ಗೆರೆ. ತಲೆಬರಹದ ಮೇಲೆ ಎರಡು ಗೆರೆ, ಅದರ ಜಾಗದಲ್ಲಿ ನನ್ನ ಕೈಯಾರೆ ಹೊಸ ತಲೆಬರಹ—“ಪ್ರಾಥಮಿಕ ಹಂತದಲ್ಲಿ ಗಣಿತ ಬೋಧನೆಯ ಸಮಸ್ಯೆಗಳು ಮತ್ತು ಪರಿಹಾರಗಳು”. ಇಂಥ ತಲೆಬರಹ ಕಂಡರೆ ಯಾವ ಸಮಿತಿಯೂ ಎರಡನೆಯ ಸಾಲು ಓದುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರು ಸಲ ನಾನೇ ಕಳಿಸಿದ್ದೆ.

ಗೆರೆಗಳನ್ನು ನೀನು ಬಗ್ಗಿ ನೋಡುತ್ತಿದ್ದೆ. ಒಮ್ಮೆ ಮಾತ್ರ, “ಆದ್ರ ಅಕ್ಕೋರ, ನೀವ ಹೇಳ್ತಿದ್ರಲ್ರಿ, ಕಣ್ಣಾರೆ ಕಂಡದ್ದು ಬರೀರಿ ಅಂತ...” ಎಂದೆ. ಅರ್ಧಕ್ಕೇ ನಿಲ್ಲಿಸಿದೆ.

“ಅದು ಕಾಲೇಜಿನ್ಯಾಗವಾ. ಇದು ಬ್ಯಾರೆ,” ಎಂದೆ.

“ಆತ್ರಿ ಅಕ್ಕೋರ. ನಿಮಗ ತಿಳೀತೈತಿ,” ಎಂದು ಫೈಲು ಮಡಚಿದೆ. ನನ್ನ ಅಡಿಗೆಮನೆಗೆ ಹೋಗಿ ಚೀಲದ ಲಿಂಬೆಕಾಯಿಗಳನ್ನು ಬುಟ್ಟಿಗೆ ಸುರುವಿ, ಚಹಾ ಕುಡಿದು, ನನ್ನ ಕಾಲು ಮುಟ್ಟಿ ಹೋದೆ. ಗೆರೆ ಎಳೆದ ಹಾಳೆಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದೆ, ನಿನ್ನ ಫೋನಿನಲ್ಲಿ ಅವುಗಳ ಫೋಟೋ ತೆಗೆದುಕೊಂಡಿದ್ದೆಯಲ್ಲ. ಅವು ನನ್ನ ಹತ್ತಿರ ಉಳಿದವು.

ಮೂರನೆಯ ದಿನ ನಾನು ನನ್ನ ಪ್ರಸ್ತಾವ ಕಳಿಸಿದೆ. “ಲಿಂಬೆಯ ರಾಶಿಯಲ್ಲಿ ಸ್ಥಾನಬೆಲೆ.” ಕಸ್ತೂರಿಯನ್ನು “ಒಬ್ಬ ವಿದ್ಯಾರ್ಥಿನಿ” ಮಾಡಿದೆ. ನಿನ್ನ ಶಾಲೆಯನ್ನು “ನಮ್ಮ ಪ್ರದೇಶದ ಒಂದು ಶಾಲೆ” ಮಾಡಿದೆ. ನಿನ್ನನ್ನು ಏನೂ ಮಾಡಲಿಲ್ಲ—ನೀನು ಎಲ್ಲೂ ಇರಲೇ ಇಲ್ಲ. ಅರ್ಜಿಯ ಕೊನೆಗೆ ಒಂದು ಪ್ರಶ್ನೆ ಇತ್ತು: ಇದು ನಿಮ್ಮ ಸ್ವಂತ ತರಗತಿಯ ಅನುಭವವೇ? ಹೌದು ಎಂಬಲ್ಲಿ ಒತ್ತಿದೆ. ಬೆರಳು ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ.

ನನ್ನದು ಆಯ್ಕೆಯಾಯಿತು. ನಿನ್ನದಕ್ಕೆ ಅದೇ ಹಳೆಯ ಸಾಲು ಬಂತು, ಹೊಸತೇನೂ ಕಾಣಲಿಲ್ಲ. ನೀನು ಫೋನು ಮಾಡಿ, “ನಂದ್ ಆಗಲಿಲ್ರಿ ಅಕ್ಕೋರ, ನಿಮ್ದು ಆತಲ್ರಿ, ಭಾಳ ಖುಷಿ ಆತು,” ಎಂದೆ. ನನ್ನದು ಯಾವ ವಿಷಯ ಎಂದು ನೀನು ಕೇಳಲಿಲ್ಲ. ನಾನು ಹೇಳಲಿಲ್ಲ. ಮುಂದಿನ ಸಲ ಇನ್ನಷ್ಟು ಚೆನ್ನಾಗಿ ಬರಿ ಎಂದು ಬುದ್ಧಿ ಹೇಳಿ ಫೋನು ಇಟ್ಟೆ.

ನಮ್ಮ ಮನೆಯವರಿಗೆ ಮಾತ್ರ ವಿಷಯ ಗೊತ್ತಿತ್ತು. ನಮ್ಮ ಮನೆಯ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. “ಅಗ, ಇದರಾಗ ಏನೈತಿ?” ಎಂದರು. “ಹುಡುಗಿ ನಿನ್ನ ಕಡೆನ ಕಲತಾಳ. ಆಕಿದು ಅಂದ್ರ ನಿಂದ. ಎಲ್ಲಾರೂ ಮಾಡತಾರ.” ಎಲ್ಲಾರೂ ಮಾಡುತ್ತಾರೆ ಎಂಬುದು ಸುಳ್ಳಲ್ಲ. ನಾನು ಹೊಸದಾಗಿ ಸೇರಿದಾಗ ನಾನು ಬರೆದ ಪಾಠಗಳ ಮೇಲೆ ಹಿರಿಯರೊಬ್ಬರು ತಮ್ಮ ಹೆಸರು ಹಾಕಿಕೊಂಡಿದ್ದರು. ಆ ದಿನ ನಾನು ಅತ್ತಿದ್ದೆ. ಅಂಥ ಅಳು ಅತ್ತವಳೇ ಇನ್ನೊಬ್ಬಳಿಗೆ ಅದನ್ನೇ ಮಾಡಿದೆ ಎನ್ನುವುದರಿಂದ ನನ್ನ ಮೇಲೆ ನನಗೆ ಬರುವ ಸಿಟ್ಟು ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಧಾರವಾಡದಲ್ಲಿ ಮಾತು ಚೆನ್ನಾಗಿ ಹೋಯಿತು. ತುಂಬಿದ ಸಭೆ. ಹಿಡಿಗೆ ಐದು, ಇಪ್ಪತ್ತು ಹಿಡಿ, ಪಕ್ಕಕ್ಕೊಂದು ಕಾಯಿ—ಜನ ತಲೆದೂಗಿದರು. ಪ್ರಶ್ನೆಗಳ ಹೊತ್ತಿಗೆ ಹಿಂದಿನ ಸಾಲಿನಿಂದ ವಯಸ್ಸಾದ ಮಾಸ್ತರರೊಬ್ಬರು ಎದ್ದು ನಿಂತರು.

“ಬಾಯರ, ಭಾಳ ಚಲೋ ಹೇಳಿದ್ರಿ. ಒಂದ ಸಂಶಯ. ಗುರುತಿಗೆ ಇಡೂ ಕಾಯಿ ಯಾವ ಕಾಯಿರಿ? ಎಣಿಸಿದ ನೂರರಾಗಿಂದೋ, ಹೊರಗಿಂದೋ?”

ನನಗೆ ಗೊತ್ತಿರಲಿಲ್ಲ.

ನಿನ್ನ ಕಾಗದದಲ್ಲಿ ಅದು ಇರಲಿಲ್ಲ ಶಿವಲೀಲಾ. ರಾಶಿಯ ಪಕ್ಕದಲ್ಲಿ ಬೆಳೆದವಳಿಗೆ ಅದನ್ನು ಬರೆಯಬೇಕು ಎಂದು ಹೊಳೆಯುವುದಿಲ್ಲ. ಹೊಳೆಯುವಂತೆ ಮಾಡಬೇಕಾದವಳು ನಾನು. ಆ ಭಾನುವಾರ ಕೆಂಪು ಪೆನ್ನು ಹಿಡಿದು ಪ್ರಾಮಾಣಿಕವಾಗಿ ಓದಿದ್ದರೆ ಅಂಚಿನಲ್ಲಿ ಎರಡೇ ಪದ ಬರೆಯುತ್ತಿದ್ದೆ—ಯಾವ ಕಾಯಿ? ಆ ಎರಡು ಪದದಿಂದ ನಿನ್ನ ಪ್ರಸ್ತಾವ ಪೂರ್ತಿಯಾಗುತ್ತಿತ್ತು. ಅದು ಪೂರ್ತಿಯಾಗುವುದು ನನಗೆ ಬೇಕಿರಲಿಲ್ಲ, ಹೀಗಾಗಿ ಕೇಳಲಿಲ್ಲ. ಕದಿಯುವ ಅವಸರದಲ್ಲಿ ಕದಿಯುತ್ತಿರುವುದು ಏನು ಎಂದೇ ನೋಡಿರಲಿಲ್ಲ.

ಆಗಲೂ ಗೊತ್ತಿಲ್ಲ ಅನ್ನಬಹುದಿತ್ತು. ಸಭೆ ಕಾಯುತ್ತಿತ್ತು. “ನೂರರಾಗಿಂದ್ರಿ,” ಎಂದೆ, ಖಚಿತವಾಗಿ, ನಗುತ್ತ. ಮಾಸ್ತರರು ಹುಬ್ಬು ಗಂಟಿಕ್ಕಿ ಕೂತರು. ಅವರಿಗೆ ಸಮಾಧಾನವಾಗಿರಲಿಲ್ಲ ಎಂದು ನನಗೆ ಕಂಡಿತು. ಊಟಕ್ಕೆ ಎದ್ದಾಗ ಅವರ ಕಣ್ಣು ತಪ್ಪಿಸಿ ಬೇರೆ ಸಾಲಿನಲ್ಲಿ ನಿಂತೆ.

ಅಲ್ಲಿಗೇ ನಿಂತಿದ್ದರೆ ಕಳ್ಳತನ ಒಂದೇ ಆಗುತ್ತಿತ್ತು. ನಿಲ್ಲಲಿಲ್ಲ. ಆ ಮಾತನ್ನು ಮೆಚ್ಚಿಕೊಂಡವರು ಅದನ್ನೇ ತರಬೇತಿ ಮಾಡಿ ಎಂದರು. ಮರುವರ್ಷ ಬಸವನ ಬಾಗೇವಾಡಿಯಲ್ಲಿ ಎರಡು ದಿನದ ಶಿಬಿರ—ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ಶಿಕ್ಷಕರು. ನಾನು ವೇದಿಕೆ ಹತ್ತಿ ಮೈಕು ಸರಿಮಾಡಿಕೊಂಡು ಮುಂದೆ ನೋಡಿದರೆ ಮೂರನೆಯ ಸಾಲಿನಲ್ಲಿ ನೀನು. ಕೈಯಲ್ಲಿ ನನ್ನ ಕೈಪಿಡಿ. ಮೊದಲ ಪುಟದಲ್ಲಿ ನಿನ್ನ ಲಿಂಬೆ, ನನ್ನ ಹೆಸರು.

ನೀನು ಅದನ್ನು ಓದಿದೆ, ನಾನು ನೋಡಿದೆ. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಪುಟ ತಿರುವಿದೆ, ಮತ್ತೆ ಹಿಂದಕ್ಕೆ ತಿರುವಿದೆ. ಆಗ ಎದ್ದು ಬಂದು ನನ್ನ ಮುಖಕ್ಕೆ ಕೈಪಿಡಿ ಎಸೆದಿದ್ದರೆ—ಎಷ್ಟೋ ಸಲ ಅಂದುಕೊಂಡಿದ್ದೇನೆ. ಯಾಕೆ ಎಸೆಯಲಿಲ್ಲ ನೀನು? ನನ್ನಂಥವರ ಕಾಲು ಮುಟ್ಟಲು ಕಲಿಸಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕಲಿಸಿದವರಲ್ಲಿ ನಾನೂ ಒಬ್ಬಳು.

ಮಧ್ಯಾಹ್ನ ನಾನು ನೂರರೊಳಗಿಂದ ಒಂದು ಕಾಯಿ ತೆಗೆದು ಪಕ್ಕಕ್ಕಿಟ್ಟು ತೋರಿಸಿದಾಗ ನೀನು ಕೈ ಎತ್ತಿದೆ. ಅದು ನಿನ್ನದು ಎಂದು ಹೇಳಲಿಕ್ಕಲ್ಲ. ಅದಕ್ಕಿಂತ ದೊಡ್ಡದಕ್ಕೆ.

“ಅಕ್ಕೋರ, ಅದು ನೂರರಾಗಿಂದಲ್ರಿ. ಹೊರಗಿಂದ್ರಿ. ಒಳಗಿಂದ ತಗದ್ರ ಹುಡುಗೂರಿಗೆ ಲೆಕ್ಕ ತಪ್ಪತೈತ್ರಿ.”

ಎಲ್ಲರೂ ನಿನ್ನ ಕಡೆ ತಿರುಗಿದರು. ನನಗೆ ಭಯವಾಯಿತು—ಇವಳು ಈಗ ಉಳಿದದ್ದನ್ನೂ ಹೇಳುತ್ತಾಳೆ ಎಂದು. ಬಾಯಿ ಮುಚ್ಚಿಸಬೇಕಿತ್ತು.

“ನೀ ಕೂಡವಾ,” ಎಂದೆ ಮೈಕಿನಲ್ಲೇ. “ಊರಿಗೊಂದ್ ರೀತಿ ಇರತಾವು. ಧಾರವಾಡದಾಗ ದೊಡ್ಡವರೆಲ್ಲಾ ಒಪ್ಪ್ಯಾರ ಇದನ್ನ.”

ಯಾರೋ ನಕ್ಕರು. ನೀನು ಕೂತೆ.

ಆಮೇಲೆ ಆದದ್ದನ್ನು ಕೇಳು, ಅಥವಾ ಕೇಳಬೇಡ, ನಿನಗೆ ಎಲ್ಲ ಗೊತ್ತು. ಶಿಕ್ಷಕರು ತಂತಮ್ಮ ಶಾಲೆಗೆ ಹೋಗಿ ನಾನು ತೋರಿಸಿದಂತೆಯೇ ಮಾಡಿದರು. ನೂರು ಎಣಿಸಿದ ರಾಶಿಯಿಂದ ಒಂದು ತೆಗೆದರು. ಮಕ್ಕಳು ರಾಶಿ ಎಣಿಸಿ ತೊಂಬತ್ತೊಂಬತ್ತು ಎಂದರು. ಪಕ್ಕದ್ದು ಒಂದೋ ನೂರೋ ಎಂದು ಕೇಳಿದರು. ಮೂರು ಕಾಯಿ ಪಕ್ಕಕ್ಕಿದ್ದರೆ ಮುನ್ನೂರೋ, ಇನ್ನೂರ ತೊಂಬತ್ತೇಳೋ ಎಂದು ಜಗಳಾಡಿದರು. ಮೊದಲೇ ಗೊಂದಲದಲ್ಲಿದ್ದ ಮಕ್ಕಳಿಗೆ ನಾನು ಇನ್ನೊಂದು ಗೊಂದಲ ಹಂಚಿದ್ದೆ. ಎರಡು ತಿಂಗಳಲ್ಲಿ ಎಲ್ಲರೂ ಬಿಟ್ಟರು. ಲಿಂಬೆಯಿಂದ ಏನೂ ಆಗುವುದಿಲ್ಲ ಎಂಬ ಮಾತು ನಾಲ್ಕು ತಾಲೂಕಿನಲ್ಲೂ ಓಡಾಡಿತು. ನಿನಗೆ ಬೈದಿದ್ದ ಅದೇ ಸಾಹೇಬರು ಮತ್ತೆ ನಿನ್ನ ಶಾಲೆಗೆ ಬಂದು, ಎಲ್ಲಾ ಕಡೆ ಸೋತದ್ದನ್ನು ನೀನೊಬ್ಬಳೇ ಯಾಕೆ ಹಿಡಿದುಕೊಂಡಿದ್ದೀ ಎಂದು ಕೇಳಿ, ಬರೆದು ಆದೇಶ ಕೊಟ್ಟು ನಿಲ್ಲಿಸಿದರು. ಸರಿಯಾಗಿ ನಡೆಯುತ್ತಿದ್ದ ಒಂದೇ ತರಗತಿಯೂ ನಿಂತಿತು. ಯಾವುದನ್ನು ಉಳಿಸಿಕೊಳ್ಳಲು ನೀನು ನನ್ನ ಬಾಗಿಲಿಗೆ ಬಂದಿದ್ದೆಯೋ ಅದನ್ನೇ ನಾನು ಕೊಂದೆ. ಇದನ್ನು ನನಗೆ ಹೇಳಿದ್ದು ನಿನ್ನ ಜೊತೆಯ ಶಿಕ್ಷಕಿ, ಒಂದು ಮದುವೆಯ ಪಂಕ್ತಿಯಲ್ಲಿ, ನನ್ನ ಪಕ್ಕ ಊಟಕ್ಕೆ ಕೂತು, ನಾನು ಯಾರೆಂಬುದರ ಪರಿವೆಯಿಲ್ಲದೆ. ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಕಸ್ತೂರಿ ಏನಾದಳು ಎಂದು ಇವತ್ತಿನವರೆಗೂ ಕೇಳಿಲ್ಲ. ಕೇಳುವ ಧೈರ್ಯ ಇಲ್ಲ.

ನಿವೃತ್ತಿಯಾಗಿ ಎರಡು ವರ್ಷ. ಹೋದ ತಿಂಗಳು ಒಂದು ಕಾಲೇಜಿನಿಂದ ಫೋನು ಬಂತು—ಹೊಸ ಶಿಕ್ಷಕರಿಗೆ ಸಮ್ಮೇಳನದ ಪ್ರಸ್ತಾವ ಬರೆಯುವುದು ಹೇಗೆ ಎಂದು ಹೇಳಿ ಮೇಡಮ್, ನಿಮ್ಮ ಲಿಂಬೆಯ ಪ್ರಸ್ತಾವವನ್ನೇ ಮಾದರಿಯಾಗಿ ತೋರಿಸೋಣ ಎಂದರು. ಆಯಿತು ಎಂದೆ. ಹೌದು, ಆಯಿತು ಎಂದೇ ಅಂದೆ. ಹಳೆಯ ಕಾಗದ ಹುಡುಕಲು ಕಪಾಟು ತೆಗೆದೆ. ನನ್ನದು ಸಿಗಲಿಲ್ಲ, ನಿನ್ನದು ಸಿಕ್ಕಿತು. ಕೆಂಪು ಗೆರೆಗಳ ಅಡಿಯಲ್ಲಿ ನಿನ್ನ ದುಂಡನೆಯ ಅಕ್ಷರ ಎಲ್ಲ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಒಂದೂ ತಪ್ಪು ತಿದ್ದಿದ ಗೆರೆಯಲ್ಲ. ನನ್ನ ವಿದ್ಯಾರ್ಥಿಗಳ ಸಾವಿರಾರು ಕಾಗದ ತಿದ್ದಿದ್ದೇನೆ, ಸರಿ ಇದ್ದದ್ದಕ್ಕೆ ಕಾಟು ಹಾಕಿದ್ದು ಅದೊಂದೇ.

ಮರುದಿನ ಬೆಳಿಗ್ಗೆ ಇಂಡಿಯ ಬಸ್ಸು ಹತ್ತಿದೆ. ಲಿಂಬೆ ಮಾರುಕಟ್ಟೆಗೆ ಹೋಗಿ ಒಂದು ರಾಶಿಯ ಮುಂದೆ ನಿಂತೆ. ಹೆಣ್ಣುಮಕ್ಕಳು ಹಿಡಿ ಹಿಡಿಯಾಗಿ ಎಣಿಸುತ್ತಿದ್ದರು. ಇಪ್ಪತ್ತು ಹಿಡಿಯಾದ ಮೇಲೆ ಒಬ್ಬಾಕೆ ರಾಶಿಗೆ ಕೈ ಹಾಕಲೇ ಇಲ್ಲ. ಹಿಂದೆ ಇದ್ದ ಹರಕು ಬುಟ್ಟಿಯಿಂದ ಒಂದು ಕಾಯಿ ತೆಗೆದು ಪಕ್ಕಕ್ಕಿಟ್ಟಳು. ಕಲೆ ಬಿದ್ದ ಕಾಯಿ. ಮಾರಲು ಬಾರದ್ದು.

“ಇದನ್ಯಾಕವಾ ಇಡ್ತಿ?” ಎಂದು ಕೇಳಿದೆ.

“ಇದು ಮಾಲ್ ಅಲ್ರಿ ಬಾಯರ, ಗುರ್ತು,” ಎಂದಳು, ಎಣಿಸುವುದನ್ನು ನಿಲ್ಲಿಸದೆ. “ಚಲೋ ಕಾಯಿ ಇಟ್ಟರ ಮಾಲ್‌ನ್ಯಾಗ ಕೂಡತೈತಿ. ಕಲಿ ಬಿದ್ದದ್ದು ಕೂಡೂದಿಲ್ಲ. ಕಂಡ ಕೂಡ್ಲೇ ತಿಳೀತೈತಿ, ಇದು ನೂರು ಅಂತ.”

ಎರಡು ನಿಮಿಷದ ಮಾತು. ಯಾವ ದಿನ ಬೇಕಾದರೂ ಹೋಗಿ ಕೇಳಬಹುದಿತ್ತು. ಸಿಂದಗಿಯಿಂದ ಇಂಡಿ ಏನು ದೂರ?

ಅಲ್ಲಿಂದಲೇ ನಿನಗೆ ಫೋನು ಮಾಡಿದೆ. ನೆನಪಿದೆಯಲ್ಲ—ಗಾಡಿಗಳ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ. ತಪ್ಪಾಯಿತು ಎಂದೆ. ನಿನ್ನ ಕೆಲಸವನ್ನು ನಂದು ಎಂದು ಹೇಳಿಕೊಂಡೆ ಎಂದೆ. ಸಮ್ಮೇಳನದವರಿಗೆ ಕಾಗದ ಬರೆಯುತ್ತೇನೆ, ಎಲ್ಲಾ ಕಡೆ ನಿನ್ನ ಹೆಸರು ಹಾಕಿಸುತ್ತೇನೆ ಎಂದೆ.

“ನನ್ನ ಹೆಸರ ಈಗ ಯಾಕ್ರಿ ಅಕ್ಕೋರ?” ಎಂದೆ ನೀನು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಅದೇ ತಾಳಲಾಗಲಿಲ್ಲ. “ಹುಡುಗೂರ ಕೈಯಾಗ ತಪ್ಪ ಕಾಯಿ ಕೊಟ್ಟೀರಲ್ರಿ. ಮೊದಲ ಅದನ್ನ ತಿರುಗಿ ತಗೋರ್ರಿ.”

ನೀನು ಫೋನು ಇಟ್ಟೆ.

ಸಮ್ಮೇಳನದವರಿಗೆ ಕಾಗದ ಬರೆದೆ. ಆ ಮಾತು ನನ್ನದಲ್ಲ, ನನ್ನ ಹೆಸರು ತೆಗೆಯಿರಿ ಎಂದು. ನಿನ್ನ ಹೆಸರು ಬರೆಯಲಿಲ್ಲ, ನೀನು ಬೇಡವೆಂದೆಯಲ್ಲ. ಮಾದರಿ ತೋರಿಸೋಣ ಎಂದ ಕಾಲೇಜಿಗೂ ಬರುವುದಿಲ್ಲ ಎಂದು ಹೇಳಿ, ಯಾಕೆಂದೂ ಹೇಳಿದೆ. ಮನೆಯವರು ಎರಡು ದಿನ ಮಾತು ಬಿಟ್ಟರು. ಇಷ್ಟು ವರ್ಷದ ಮರ್ಯಾದೆ ಬೀದಿಗೆ ಬಂತು ಎಂದರು. ಕದ್ದು ತಂದ ಮರ್ಯಾದೆ, ಬೀದಿಗೆ ಬರಲಿ ಎಂದೆ.

ಆಮೇಲೆ ಬಾಗೇವಾಡಿ ಶಿಬಿರದ ಹಾಜರಿ ಪಟ್ಟಿ ಹುಡುಕಿ ತೆಗೆದೆ. ಮೂವತ್ತೆಂಟು ಹೆಸರು, ಮೂವತ್ತೆಂಟು ಸಹಿ. ಈಗ ಅದನ್ನು ಹಿಡಿದು ಶಾಲೆಯಿಂದ ಶಾಲೆಗೆ ತಿರುಗುತ್ತಿದ್ದೇನೆ. ಕೈಚೀಲದಲ್ಲಿ ನೂರು ಚಲೋ ಕಾಯಿ, ಒಂದು ಕಲೆ ಬಿದ್ದದ್ದು. ಮುಖ್ಯೋಪಾಧ್ಯಾಯರ ಅಪ್ಪಣೆ ಕೇಳಿ, ಆ ಶಿಕ್ಷಕರ ಮುಂದೆ, ಅವರು ಒಪ್ಪಿದರೆ ಮಕ್ಕಳ ಮುಂದೆಯೂ, ಎರಡು ಮಾತು ಹೇಳುತ್ತೇನೆ—ನಾನು ತೋರಿಸಿದ್ದು ತಪ್ಪು, ಮತ್ತು ಅದು ನನ್ನದಾಗಿರಲಿಲ್ಲ. ಆಮೇಲೆ ನೆಲದ ಮೇಲೆ ಕೂತು ಎಣಿಸಿ ತೋರಿಸುತ್ತೇನೆ. ಹಿಡಿಗೆ ಐದು ಕಾಯಿ ನನ್ನ ಕೈಗೆ ಇನ್ನೂ ಸರಿಯಾಗಿ ಸಿಗುವುದಿಲ್ಲ, ಒಂದೆರಡು ಉರುಳಿ ಹೋಗುತ್ತವೆ. ಮಕ್ಕಳು ನಗುತ್ತಾರೆ.

ಎಲ್ಲರೂ ಒಳ್ಳೆಯ ಮಾತಾಡುವುದಿಲ್ಲ, ಆಡಲೂ ಬಾರದು. ಮನಗೂಳಿಯಲ್ಲಿ ಒಬ್ಬ ಮಾಸ್ತರ ನನ್ನನ್ನು ವರಾಂಡದಲ್ಲೇ ನಿಲ್ಲಿಸಿ, ಅದನ್ನು ಬಿಟ್ಟು ಮೂರು ವರ್ಷವಾಯಿತು, ಈಗ ಹೇಳಿ ಏನು ಉಪಯೋಗ ಎಂದು ಕಳಿಸಿದ. ಹೂವಿನ ಹಿಪ್ಪರಗಿಯ ಶಿಕ್ಷಕಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು: “ಆ ದಿನ ಬಾಗೇವಾಡ್ಯಾಗ ಒಬ್ಬಾಕಿ ಎದ್ದು ಹೇಳಿದ್ಲಲ್ರಿ, ಹೊರಗಿಂದ ಅಂತ. ಆಕಿನ ನೀವು ಕೂಡ್ಸಿದ್ರಿ. ಆಕಿಗೆ ಹೇಳೀರೇನ್ರಿ?”

ಹೇಳಿದ್ದೇನೆ ಅನ್ನಲು ಬಾಯಿ ತೆರೆದೆ. ಹೇಳಿಲ್ಲ ಎಂದು ಆಗ ತಿಳಿಯಿತು. ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಮೊದಲೇ ಗೊತ್ತಿದ್ದನ್ನು. ಕದ್ದೆ ಎಂದೆ. ಕದಿಯುವ ಮೊದಲು ಕೂತು, ಚಹಾಕ್ಕೆ ನೀರಿಡು ಎಂದು ನಿನಗೇ ಹೇಳಿ, ನಿನ್ನ ಕಣ್ಣೆದುರೇ ನಿನ್ನದನ್ನು ಕೆಡಿಸಿದೆ ಎಂದು ಹೇಳಿರಲಿಲ್ಲ. ತಪ್ಪು ಒಪ್ಪಿಕೊಳ್ಳುವಾಗಲೂ ಅರ್ಧ ಮುಚ್ಚಿಟ್ಟೆ. ಎಂಥ ಹೆಂಗಸು ನಾನು.

ಅದಕ್ಕೇ ಈ ಕಾಗದ. ಪಟ್ಟಿಯಲ್ಲಿ ಇನ್ನು ಹನ್ನೊಂದು ಹೆಸರು ಉಳಿದಿವೆ, ನಾಳೆ ಮುದ್ದೇಬಿಹಾಳದ ಕಡೆ ಹೋಗುತ್ತೇನೆ. ನಿನ್ನದು ಇಪ್ಪತ್ತೆರಡನೆಯ ಹೆಸರು. ಅದನ್ನು ದಾಟಿ ಮುಂದೆ ಹೋಗಿದ್ದೇನೆ, ಕೊನೆಗೆ ಬರುತ್ತೇನೆ. ನಿನ್ನ ಶಾಲೆಗೆ ಬರುವಾಗ ಲಿಂಬೆಯ ಚೀಲ ತರುವುದಿಲ್ಲ. ಯಾವ ಕಾಯಿ ಎಂದು ನಿನಗೆ ನಾನು ಹೇಳಬೇಕಾದದ್ದು ಏನೂ ಇಲ್ಲ. ಈ ಕಾಗದ ತರುತ್ತೇನೆ, ಬಾಗಿಲಲ್ಲಿ ನಿಂತು ಇದರ ಮೊದಲ ಸಾಲನ್ನು ಜೋರಾಗಿ ಓದುತ್ತೇನೆ. ಒಳಗೆ ಬಾ ಎಂದು ನೀನು ಅನ್ನಬೇಕಾಗಿಲ್ಲ.